ಹನಿಯೋ, ಹಾಯಿಯೋ

“ಸುಳ್ಳು ಹೇಳೋರೇ ಹೀಗೆ ಸಾಕ್ಷಿ ಹೊತ್ಕೊಂಡು ಬರೋದು,” ಎಂದು ಆಫೀಸಿನ ಮೇಲ್ವಿಚಾರಕ ಅಭಿನಂದನ್ ಗೊಣಗಿದ.

ಲಕ್ಕಮ್ಮ ಮೇಜಿನ ಮೇಲೆ ತನ್ನ ತೋಟದ ಹನಿ ನೀರಾವರಿಯ ಗೇಣುದ್ದದ ಕಪ್ಪು ಪೈಪಿನ ತುಂಡೊಂದನ್ನು ಇಟ್ಟಿದ್ದಳು. ಅದರ ತೂತಿನ ಸುತ್ತ ಬಿಳಿ ಉಪ್ಪು ಕಟ್ಟಿತ್ತು. ತಾವರೆಕೆರೆ ಆಚೆಯ ಬಿಕ್ಕನಪಾಳ್ಯದಿಂದ ಎರಡು ಬಸ್ಸು ಬದಲಿಸಿ, ಬಸವನಗುಡಿಯ ಈ ಎರಡನೇ ಮಹಡಿಗೆ ಏದುಸಿರು ಬಿಡುತ್ತ ಹತ್ತಿ ಬಂದಿದ್ದಳು.

ಉಪಗ್ರಹದ ಚಿತ್ರ ನೋಡಿ ಯಾವ ಹೊಲಕ್ಕೆ ನೀರು ಹೇಗೆ ಹರಿಯುತ್ತದೆಂದು ಗುರುತಿಸುವುದು ಈ ಆಫೀಸಿನ ಕೆಲಸ. ಹನಿ, ತುಂತುರು, ಹೊಲದ ತುಂಬ ಹರಿಸುವ ಹಾಯಿನೀರು, ಇಲ್ಲವೇ ಏನೂ ಇಲ್ಲ. ಅದನ್ನು ಹಿಡಿದು ಊರಿನ ಅಂತರ್ಜಲದ ಲೆಕ್ಕ. ಬಿಕ್ಕನಪಾಳ್ಯದ ಲೆಕ್ಕ ಮಾತ್ರ ಕೂಡಿಬರುತ್ತಿರಲಿಲ್ಲ. ಮೂರು ವರ್ಷದಲ್ಲಿ ನೀರು ಇನ್ನೂರು ಅಡಿ ಕೆಳಗಿಳಿದಿತ್ತು. ಅಷ್ಟು ನೀರು ಕುಡಿಯುವ ಬೆಳೆ ಚಿತ್ರದಲ್ಲಿ ಎಲ್ಲೂ ಕಾಣಲಿಲ್ಲ. ಬೇಸಗೆಯಲ್ಲೂ ಹಸಿರಾಗಿದ್ದುದು ನಲವತ್ತೊಂದನೇ ನಂಬರಿನ ಹಿಪ್ಪುನೇರಳೆ ತೋಟ ಒಂದೇ. ಅದು ಲಕ್ಕಮ್ಮನದು.

ಚಿತ್ರ ಓದುವ ಯಶಶ್ರೀ ಅದಕ್ಕೆ ‘ಹಾಯಿನೀರು’ ಎಂದು ನಮೂದಿಸಿದ್ದಳು. ನಾಲ್ಕು ಗಂಟೆಗೆ ನಕ್ಷೆ ಕಳಿಸಬೇಕು. ಹಾಗೆಯೇ ಹೋದರೆ ಲಕ್ಕಮ್ಮನ ಬತ್ತುತ್ತಿರುವ ಬೋರ್‌ವೆಲ್ ಇನ್ನಷ್ಟು ಕೊರೆಸಲು ಒಪ್ಪಿಗೆ ಸಿಗುವುದಿಲ್ಲ. ಈಗ ಮೂರೂ ಇಪ್ಪತ್ತು.

“ಹನಿ ನೀರಾವರಿ ಆದ್ರೆ ಸಾಲು ಸಾಲಾಗಿ ಕಾಣ್ಬೇಕಲ್ಲಮ್ಮ,” ಎಂದಳು ಯಶಶ್ರೀ.

“ಸೊಪ್ಪು ಬೆಳೆದು ಮುಚ್ಕೊಂಡದೆ ಕಣವ್ವ. ಮೇಲಿಂದ ನೋಡಿದ್ರೆ ತಲೆ ಕಾಣ್ತದೆ, ತಲೇಲಿರೋ ಹೇನು ಕಾಣ್ತದಾ?”

ಯಶಶ್ರೀಗೆ ನಗು ಬಂತು. ಅಭಿನಂದನ್ ಪೆನ್ನಿನಿಂದ ಮೇಜು ಕುಟ್ಟಿದ. ಅವಳು ನಗು ನುಂಗಿ ಚಿತ್ರವನ್ನು ಹಿಗ್ಗಿಸಿದಳು. ಪಕ್ಕದ ನಲವತ್ತೆರಡನೇ ನಂಬರಿನ ಹೊಲ ಬರಡು. ಒಂದು ತಗಡಿನ ಶೆಡ್ಡು. ಅಲ್ಲಿಂದ ರಸ್ತೆಯವರೆಗೆ ಅಗಲವಾದ ಗಾಲಿಜಾಡು. ಹುಲ್ಲುಕಡ್ಡಿಯೂ ಇಲ್ಲ. ಅದಕ್ಕೆ ಅವಳು ‘ನೀರಾವರಿ ಇಲ್ಲ’ ಎಂದು ಬರೆದು ತಿಂಗಳಾಗಿತ್ತು.

“ಅಲ್ಲಿ ಮೋಟ್ರು ಹಗಲೂ ರಾತ್ರಿ ಓಡ್ತದೆ,” ಎಂದಳು ಲಕ್ಕಮ್ಮ.

“ಬರಡು ಹೊಲಕ್ಕೆ ಮೋಟಾರ್ ಯಾಕಮ್ಮ? ಯಾರದ್ದು ಅದು?”

ಲಕ್ಕಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು. “ನಮ್ಮ ಮೈದುನನ ಮಗಂದು. ಮಿಕ್ಕಿದ್ದು ನನ್ನ ಬಾಯಲ್ಲಿ ಬ್ಯಾಡ ಬುಡಿ.”

ಅಭಿನಂದನ್ ಗೆದ್ದವನಂತೆ ಕುರ್ಚಿಗೆ ಒರಗಿದ. “ನೋಡಿದ್ಯಾ ಯಶಶ್ರೀ? ದಾಯಾದಿ ಜಗಳ. ಬೇಲಿ ಮೇಲಿನ ಸಿಟ್ಟು ನಮ್ಮ ನಕ್ಷೆ ಮೇಲೆ. ಬೇಗ ಮುಗಿಸು.”

ಕೆಳಗೆ ಹಾರ್ನು ಬಿಡದೆ ಕೂಗಿತು. ಗೇಟಿಗೆ ಅಡ್ಡ ಸ್ಕೂಟರ್ ನಿಲ್ಲಿಸಿದವರು ಯಾರೆಂದು ಮನೆ ಮಾಲೀಕ ಬದರೀನಾರಾಯಣ ಕಿರುಚುತ್ತಿದ್ದರು. “ಟ್ಯಾಂಕರ್ ಬಂದಾಗೆಲ್ಲ ಇದೇ ರಂಪ,” ಎಂದು ಅಭಿನಂದನ್ ಕಿಟಕಿ ಮುಚ್ಚಿದ. ಕೋಣೆ ಇನ್ನಷ್ಟು ಸೆಕೆಯಾಯಿತು.

ಯಶಶ್ರೀ ಸ್ಟೀಲ್ ಜಗ್ಗಿನಿಂದ ಒಂದು ಲೋಟ ನೀರು ಬಗ್ಗಿಸಿ ಕೊಟ್ಟಳು. ಲಕ್ಕಮ್ಮ ಒಂದು ಗುಟುಕು ಕುಡಿದು ನಿಲ್ಲಿಸಿದಳು. ನಾಲಗೆಯನ್ನು ಅಂಗುಳಿಗೆ ತಾಗಿಸಿ ನೋಡಿದಳು.

“ಇದು ಎಲ್ಲಿ ನೀರವ್ವ?”

“ಕಾಯಿಸಿದ್ದಮ್ಮ. ಫಿಲ್ಟರ್ ಕೆಟ್ಟಿದೆ ಅಂತ. ಧೈರ್ಯವಾಗಿ ಕುಡೀರಿ.”

ಲಕ್ಕಮ್ಮ ಕುಡಿಯಲಿಲ್ಲ. ಜಗ್ಗಿನೊಳಕ್ಕೆ ಇಣುಕಿದಳು. ತಳದಲ್ಲಿ ಬಿಳಿ ಹಕ್ಕಳೆ. ಪೈಪಿನ ತುಂಡನ್ನು ಎತ್ತಿ ಜಗ್ಗಿನ ಪಕ್ಕಕ್ಕಿಟ್ಟಳು.

“ಹಳ್ಳಿಯೋರಿಗೆ ಸಿಟಿ ನೀರು ಒಗ್ಗಲ್ಲ ಬಿಡು,” ಎಂದ ಅಭಿನಂದನ್.

ಮೂರೂ ಐವತ್ತು. ಯಶಶ್ರೀ ‘ಹನಿ’ ಎಂದು ತಿದ್ದಿದಳು. ಊರಿನ ಲೆಕ್ಕ ಮತ್ತಷ್ಟು ಹದಗೆಟ್ಟು, ಪರದೆ ಕೆಂಪಾಯಿತು. ಮತ್ತೆ ‘ಹಾಯಿನೀರು’ ಎಂದಳು. ಕೆಂಪು ಸ್ವಲ್ಪ ಇಳಿಯಿತು.

“ಯಶಶ್ರೀ, ಅಷ್ಟು ನೀರು ಎಲ್ಲಿಗೋ ಹೋಗ್ಲೇಬೇಕಲ್ವಾ?” ಅಭಿನಂದನನ ದನಿ ಮೆತ್ತಗಾಗಿತ್ತು. “ಇವರ ತೋಟಕ್ಕಲ್ದೆ ಇನ್ನೆಲ್ಲಿಗೆ? ಒತ್ತು.”

ಯಶಶ್ರೀಯ ಬೆರಳು ಗುಂಡಿಯ ಮೇಲಿತ್ತು. ಲಕ್ಕಮ್ಮ ಆ ಬೆರಳನ್ನೇ ನೋಡುತ್ತಿದ್ದಳು.

ಬಾಗಿಲು ತಳ್ಳಿಕೊಂಡು ಟ್ಯಾಂಕರ್ ಓಡಿಸುವ ಮರಿಯಣ್ಣ ಒಳಬಂದ. ಮೊಣಕಾಲವರೆಗೆ ಮಡಚಿದ ಪ್ಯಾಂಟು ತೊಪ್ಪೆಯಾಗಿತ್ತು. “ಸಂಪು ತುಂಬ್ತು ಸಾರ್. ಓನರ್ ಈಗ್ ತಾನೆ ಎಲ್ಲೋ ಹೋದ್ರು, ಈ ಚೀಟಿಗೆ ನೀವೇ ಒಂದು ಸೈನ್...”

ಕುರ್ಚಿಯಲ್ಲಿದ್ದವಳನ್ನು ಕಂಡು ಅವನ ಮುಖ ಅರಳಿತು.

“ಅಯ್ಯೋ ದೊಡ್ಡವ್ವಾ, ನೀನು ಬಸ್ಸಲ್ಲಿ ಯಾಕ್ ಬಂದೆ? ಒಂದ್ ಮಾತು ಹೇಳಿದ್ರೆ, ನಮ್ಮ ಹೊಲದಿಂದ ಲೋಡು ಹೊರಡುವಾಗ್ಲೇ ಮುಂದಿನ ಸೀಟಲ್ಲಿ ಕೂರಿಸ್ಕೊಂಡು ಬರ್ತಿದ್ನಲ್ಲ!”