ಮೇಜಿನ ಆಚೆ

ಮುಂದಿನ ವಾರ ಎಂಬಿಎ ಇಂಟರ್‌ವ್ಯೂ ಇದೆ ಎಂದಿದ್ದಳು ಹೆಂಡತಿ. ತಾಲೀಮು ಮಾಡಿಸಲು ಅವನು ಬನೀನಿನ ಮೇಲೆಯೇ ಟೈ ಕಟ್ಟಿಕೊಂಡು ಊಟದ ಮೇಜಿನ ಆಚೆ ಕೂತ. ಈಚೆ ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು. ಅವನ ಕೈಯಲ್ಲಿ ಪೆನ್ನು ಟಕಟಕ ಎನ್ನುತ್ತಿತ್ತು.

"ಎರಡು ವರ್ಷ ಹಾಸ್ಟೆಲಲ್ಲೇ ಇರ್ಬೇಕು. ಆಗತ್ತಾ?"

"ಇರ್ತೀನಿ ಸರ್."

"ಮನೇಲಿ ಮಗು ಇದೆಯಲ್ಲ?"

"ಅವಳಪ್ಪ ನೋಡ್ಕೋತಾರೆ."

ಪೆನ್ನಿನ ಸದ್ದು ನಿಂತಿತು.

"ಅವರು ಒಪ್ಪಿದಾರಾ?"

"ಕೇಳ್ತಾ ಇದೀನಿ, ಸರ್."

ಅವನು ಟೈ ಸಡಿಲಿಸಿ ನಕ್ಕ. "ಅಲ್ಲಿ ಹೋಗಿ ಹೀಗಂದ್ರೆ ಸೀಟು ಕೊಡಲ್ಲ ಕಣೆ. ಬೇರೆ ಉತ್ತರ ಹುಡುಕು."

"ಅಲ್ಲಿಯ ಇಂಟರ್‌ವ್ಯೂ ಹೋದ ವಾರವೇ ಮುಗೀತು ರೀ. ಸೀಟೂ ಕೊಟ್ರು. ಇದು ನಿಮ್ಮ ಇಂಟರ್‌ವ್ಯೂ."