ಅಡುಗೆಮನೆ ದಾಟಿದ ಪಿಟೀಲು

ಮಧುಮತಿ ಚಟ್ನಿಗೆಂದು ಮಿಕ್ಸಿಯನ್ನು ಒಂದು ಸುತ್ತು ತಿರುಗಿಸಿದ್ದಳಷ್ಟೇ, ಹಾಲ್‌ನಿಂದ ಗಂಡ ಶಶಿಕಾಂತ್ ಕೂಗಿದ: "ಮಧು, ಸ್ವಲ್ಪ ನಿಲ್ಸು! ಇಲ್ಲಿ ಮೌನಾನೂ ಮ್ಯೂಸಿಕ್ಕೇ."

ಜೆ.ಪಿ. ನಗರದ ಆ ಫ್ಲ್ಯಾಟಿನಲ್ಲಿ ಭಾನುವಾರ ಬೆಳಿಗ್ಗೆ ಎಂದರೆ ಹೀಗೇ. ಶಶಿಕಾಂತನ ಆಫೀಸಿನ ಗೆಳೆಯ ದೇವರಾಜ್ ಬರುತ್ತಾನೆ. ಇಬ್ಬರೂ ಕಣ್ಣು ಮುಚ್ಚಿ ಯುರೋಪಿನ ಈಗಿನ ಕಾಲದ ಶಾಸ್ತ್ರೀಯ ಸಂಗೀತ ಕೇಳುತ್ತಾರೆ. ಮಧುಮತಿಗೆ ಪ್ರಾಣವೆಂದರೆ ಸಿನಿಮಾದ ಹಿನ್ನೆಲೆ ಸಂಗೀತ. ಗಂಡನ ಪ್ರಕಾರ ಅದು ಬರೀ ಒಗ್ಗರಣೆ, ಊಟವಲ್ಲ. ಅವಳು ಹಾಕಿದಾಗಲೆಲ್ಲ "ಆ ಗೋಳು ಆಫ್ ಮಾಡು" ಎನ್ನುತ್ತಾನೆ.

ಮಿಕ್ಸಿ ನಿಂತ ಮೇಲೆ ಕೈಗೆ ಕೆಲಸವಿರಲಿಲ್ಲ. ಕೈ ಒರೆಸಿಕೊಂಡು ಫೋನಿನಲ್ಲಿ ತನ್ನ ಇಷ್ಟದ ಸಿನಿಮಾದ ಪಿಟೀಲಿನ ತುಣುಕೊಂದನ್ನು ಹಾಕಿದಳು. ಫೋನು ಉಸಿರೆತ್ತಲಿಲ್ಲ. ಪಿಟೀಲು ಕೇಳಿಸಿದ್ದು ಹಾಲ್‌ನಿಂದ! ನಿನ್ನೆ ಮಗಳು ಜಯಾ ಡ್ಯಾನ್ಸ್ ಪ್ರಾಕ್ಟೀಸಿಗೆಂದು ಅಮ್ಮನ ಫೋನನ್ನು ಅಪ್ಪನ ಬ್ಲೂಟೂತ್ ಸ್ಪೀಕರಿಗೆ ಜೋಡಿಸಿದ್ದು ಹಾಗೇ ಉಳಿದಿತ್ತು.

ಅವಳು ಫೋನಿನತ್ತ ಬೆರಳು ಚಾಚಿದಳು. ನಿಲ್ಲಿಸಬೇಕು ಎನ್ನುವಷ್ಟರಲ್ಲಿ ದೇವರಾಜನ ದನಿ: "ಏನ್ ಗುರು ಇದು! ಮೈ ಜುಮ್ ಅಂತು."

"ಅದೇ ಕಣೋ, ಹೊಸಬ ಒಬ್ಬ ಸಿಕ್ಕಿದಾನೆ ಅಂತಿದ್ನಲ್ಲ," ಎಂದ ಶಶಿಕಾಂತ್. ಅವನೂ ಆಗಷ್ಟೇ ತನ್ನ ಫೋನಿನಲ್ಲಿ ಮುಂದಿನ ಕೃತಿಯನ್ನು ಒತ್ತಿದ್ದ, ಕೇಳಿಸುತ್ತಿರುವುದು ಅದೇ ಎಂದುಕೊಂಡಿದ್ದ. "ಸಿನಿಮಾದೋರು ಅಳಿಸ್ತಾರೆ. ಇಲ್ಲಿ ಅಳು ತಾನಾಗೇ ಬರುತ್ತೆ, ನೋಡು."

ಮಧುಮತಿ ಬಾಗಿಲ ಸಂದಿಯಿಂದ ಇಣುಕಿದಳು. ಗಂಡ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಿದ್ದ. ಸಿನಿಮಾದಲ್ಲಿ ಇದೇ ಜಾಗದಲ್ಲಿ ನಾಯಕಿ ಬಸ್‌ಸ್ಟ್ಯಾಂಡಿನಲ್ಲಿ ನಿಂತು ತಮ್ಮನಿಗೆ ಟಾಟಾ ಮಾಡುತ್ತಾಳೆ. ಮಧುಮತಿಯೂ ಪ್ರತಿಸಲ ಇಲ್ಲೇ ಅಳುವುದು. ಅವಳಿಗೆ ನಗು ಬಂತು, ಹಿಂದೆಯೇ ಪಾಪ ಅನ್ನಿಸಿತು. ಮದುವೆಯಾಗಿ ಇಷ್ಟು ವರ್ಷದಲ್ಲಿ ಇಬ್ಬರೂ ಒಂದೇ ಸಂಗೀತಕ್ಕೆ ಕಣ್ಣೊರೆಸಿಕೊಂಡದ್ದು ಇದೇ ಮೊದಲು. ತಾನೀಗ ನಿಜ ಹೇಳಿಬಿಟ್ಟರೆ ಇದೇ ಕೊನೆಯೂ ಆಗಬಹುದು. ಫೋನಿನ ಮೇಲಿದ್ದ ಬೆರಳನ್ನು ಹಿಂದಕ್ಕೆ ತೆಗೆದುಕೊಂಡಳು.

ಅಷ್ಟರಲ್ಲಿ ಅಡುಗೆಮನೆಗೆ ಬಂದು ಪಕ್ಕದಲ್ಲಿ ನಿಂತಿದ್ದ ಜಯಾ ಅಮ್ಮನ ಫೋನನ್ನು ನೋಡಿದಳು, ಅಪ್ಪನನ್ನು ನೋಡಿದಳು, ಬಾಯಿ ತೆರೆದಳು. ಮಧುಮತಿ ಸುಮ್ಮನಿರುವಂತೆ ಸನ್ನೆ ಮಾಡಿ, ಚಟ್ನಿಯಿಲ್ಲದ ಇಡ್ಲಿಯ ತಟ್ಟೆ ಕೈಗಿತ್ತು ಕಳಿಸಿದಳು.

ತಟ್ಟೆಯನ್ನು ಟೀಪಾಯಿಯ ಮೇಲಿಟ್ಟು ಜಯಾ ಅಪ್ಪನ ಒದ್ದೆ ಮುಖವನ್ನೇ ನೋಡುತ್ತ ನಿಂತಳು. ಪಿಟೀಲು ಮುಗಿಯುವವರೆಗೂ ತಡೆದುಕೊಂಡಳು, ಪಾಪ.

"ಅಪ್ಪಾ, ಅಮ್ಮ ಅಡುಗೆಮನೇಲಿ ಇದನ್ನ ಹಾಕಿದ್ರೆ ದಿನಾ ಬೈತೀಯಲ್ಲ, ಇವತ್ತು ಯಾಕೆ ಅಳ್ತಿದೀಯಾ?"