ಸ್ಟೇರಿಂಗಿನ ಕೆಂಪು ಬಟ್ಟೆ

ಅಟ್ಟದಿಂದ ಕಬ್ಬಿಣದ ಪೈಪು ಹುಡುಕಿಕೊಂಡು ಇಳಿದು ಬಂದಾಗ ಅಂಗಳದಲ್ಲಿ ಗಾಡಿಯೇ ಇರಲಿಲ್ಲ. ಎಣ್ಣೆಯ ಕಲೆ ಇತ್ತು, ಜಾಕ್ ಇತ್ತು, ಗೋಡೆಗೆ ಒರಗಿಸಿಟ್ಟ ವೀಲ್ ಸ್ಪ್ಯಾನರ್ ಇತ್ತು. ಆನೆಯಂಥ ಏಳು ಸೀಟಿನ ಗಾಡಿ ಮಾತ್ರ, ಸರಪಳಿ ಬಿಚ್ಚಿದ ಆನೆಯ ಹಾಗೆಯೇ, ಹೊರಟುಹೋಗಿತ್ತು. ಗ್ರಂಥಪಾಲಕ ಪೈಪು ಹಿಡಿದುಕೊಂಡೇ ಎಣ್ಣೆಯ ಕಲೆಗೆ ಒಂದು ಸುತ್ತು ಬಂದ.

ವಾರವಿಡೀ ಕಾಲೇಜಿನ ಲೈಬ್ರರಿಯಲ್ಲಿ ‘ಶ್ಶ್’ ಅನ್ನುವುದು ಅವನ ಉದ್ಯೋಗ. ನುಂಗಿಕೊಂಡ ಸದ್ದನ್ನೆಲ್ಲ ರಜೆಯ ದಿನ ಆ ಗಾಡಿಯ ಕೆಳಗೆ ಮಲಗಿ ತೀರಿಸಿಕೊಳ್ಳುತ್ತಿದ್ದ. ಗ್ಯಾರೇಜಿನವರಿಗೆ ಗಾಡಿ ಮುಟ್ಟಲು ಬಿಡುತ್ತಿರಲಿಲ್ಲ. ಅದರ ಒಂದೊಂದು ರೋಗವನ್ನೂ ಬಾಯಲ್ಲೇ ನುಡಿಸಿ ತೋರಿಸುತ್ತಿದ್ದ: ಬೆಲ್ಟು ಸವೆದರೆ ‘ಕೀಂ’, ಬೇರಿಂಗ್ ಹೋದರೆ ‘ಗೊರ್ರ್’. ಊಟಕ್ಕೆ ಕೂತಾಗಲೂ ಗೇರ್‌ಬಾಕ್ಸ್ ಕಛೇರಿ ಕೇಳಿ ಕೇಳಿ ಅತ್ತೆಗೂ ಆ ವಿದ್ಯೆ ಹತ್ತಿಬಿಟ್ಟಿತ್ತು. ಅಳಿಯನ ಗೊರಕೆಯನ್ನು ಅವರು ಬೇರಿಂಗ್ ಕಾಯಿಲೆಗಳ ಸಾಲಿಗೆ ಸೇರಿಸಿದ್ದರು.

ಮನೆಯಲ್ಲಿ ಒಂದೇ ಒಂದು ಕಾನೂನಿತ್ತು, ಮಾಡಿದ್ದು ಅವನೇ. ರಿಪೇರಿ ಮುಗಿಯುವ ತನಕ ಸ್ಟೇರಿಂಗಿಗೆ ಕೆಂಪು ಬಟ್ಟೆ ಕಟ್ಟಿರಬೇಕು. ಬಟ್ಟೆ ಇದ್ದರೆ ಯಾರೂ ಗಾಡಿ ಹತ್ತುವಂತಿಲ್ಲ. ಇವತ್ತು ಮುಂದಿನ ಬಲಗಡೆಯ ಬ್ರೇಕ್ ಪ್ಯಾಡ್ ಬದಲಾಯಿಸಿ, ಚಕ್ರ ಕೂರಿಸಿ, ಆರೂ ನಟ್ಟುಗಳನ್ನು ಬರೀ ಬೆರಳಲ್ಲಿ ತಿರುಗಿಸಿ, ಜಾಕ್ ಇಳಿಸಿದ್ದ. ಚಕ್ರ ನೆಲಕ್ಕೂರಿದ ಮೇಲೆ ಸ್ಪ್ಯಾನರಿನ ಹಿಡಿಗೆ ಉದ್ದದ ಪೈಪು ತೂರಿಸಿ, ಮೈಭಾರ ಹಾಕಿ ಬಿಗಿಯುವುದು ಅವನ ಪದ್ಧತಿ. ಆ ಪೈಪಿಗೇ ಅಟ್ಟ ಹತ್ತಿದ್ದು. ಅತ್ತೆಯ ಕಣ್ಣಿನ ಪಟ್ಟಿ ಬಿಚ್ಚಿಸಲು ಆಸ್ಪತ್ರೆಗೆ ಹೋಗಬೇಕೆಂದು ಹೆಂಡತಿ ಬೆಳಗ್ಗೆಯೇ ಹೇಳಿದ್ದಳು. ತಾನು ಅಟ್ಟದಲ್ಲಿದ್ದಾಗ ಅವಳು ಕೆಳಗಿನಿಂದ ‘ಹೊರಡ್ತೀವಿ ರೀ’ ಅಂದದ್ದು ಈಗ ನೆನಪಾಯಿತು. ತಾನು ‘ಹೂಂ’ ಅಂದದ್ದೂ. ಕಿವಿಯ ಅಪ್ಪಣೆಗೆ ಕಾಯದೆ ಬಾಯಿ ದಾಟುವ, ಗಂಡಂದಿರ ಹೂಂ ಅದು.

ಆದರೆ ಬಟ್ಟೆ? ಕಟ್ಟಿತ್ತಲ್ಲ? ಬೆವರು ಒರೆಸಿಕೊಳ್ಳಲು ಹೆಗಲಿಗೆ ಕೈ ಹಾಕಿದ. ಕೈಗೆ ಬಂದದ್ದು ಕೆಂಪು ಬಟ್ಟೆ. ಗ್ರೀಸು ಮೆತ್ತಿದ ಬೆರಳು ಒರೆಸಿಕೊಳ್ಳಲು ಅವನೇ ಬಿಚ್ಚಿ ಹೆಗಲಿಗೆ ಹಾಕಿಕೊಂಡಿದ್ದ.

ಹೆಂಡತಿಯ ಫೋನು ಬಡಿದುಕೊಂಡಿತೇ ಹೊರತು ಯಾರೂ ಎತ್ತಲಿಲ್ಲ. ಆಸ್ಪತ್ರೆಯ ದಾರಿ ಕಣ್ಣೆದುರು ಬಿಚ್ಚಿಕೊಂಡಿತು: ಇಳಿಜಾರು, ತಿರುವು, ಸೇತುವೆ, ಕೆಳಗೆ ನೀರು. ಮತ್ತೆ ಮಾಡಿದ. ಈ ಸಲ ಅತ್ತೆ ಎತ್ತಿದರು. ಇವನು ಒಮ್ಮೆ ಕಿರುಚಿದರೆ ಸಾಕು, ಆಕೆ ಗಾಬರಿಬಿದ್ದು ಕೂಗುತ್ತಾರೆ, ಮಗಳು ಗಾಬರಿಬಿದ್ದು ಬ್ರೇಕ್ ತುಳಿಯುತ್ತಾಳೆ. ಗ್ರಂಥಪಾಲಕ ತನ್ನ ಲೈಬ್ರರಿಯ ದನಿ ತೆಗೆದ.

“ಅತ್ತೆ, ಗಾಡಿ ನಿಧಾನ ಮಾಡೋಕೆ ಹೇಳಿ ಅವಳಿಗೆ.”

“ಹೇಳ್ತೀನಿ. ಮೊದ್ಲು ಇದನ್ನ ಕೇಳಿ ಅಳಿಯಂದ್ರೇ, ನೀವು ರಿಪೇರಿ ಮಾಡಿದ್ದೇ ಮಾಡಿದ್ದು, ನಿಮ್ಮ ಗಾಡಿಗೆ ಮಾತು ಬಂದಿದೆ. ಟಕ್ಟಕ್... ಟಕ್ಟಕ್ಟಕ್. ಇದ್ಯಾವ ರೋಗ?”

ಆ ಸದ್ದು ಎಷ್ಟು ಪಕ್ಕಾ ಇತ್ತೆಂದರೆ, ನಟ್ಟುಗಳು ಎಷ್ಟೆಷ್ಟು ಹಿಂದೆ ಸರಿದಿವೆ ಎಂಬುದು ಅವನಿಗೆ ಕಂಡೇಬಿಟ್ಟಿತು.

“ಸೇತುವೆ ಬಂತಾ?”

“ಕಾಣ್ತಿದೆ. ಒಂದೇ ಕಣ್ಣಲ್ಲಿ.”

“ಆಕ್ಸಿಲರೇಟರಿಂದ ಕಾಲು ತೆಗೀಲಿ. ಬ್ರೇಕು ಮೆತ್ತಗೆ, ತುಂಬಾ ಮೆತ್ತಗೆ ಒತ್ತಲಿ. ಸ್ಟೇರಿಂಗ್ ಗಟ್ಟಿ ಹಿಡ್ಕೊಂಡಿರ್ಲಿ, ಜಗ್ಗಬಾರ್ದು. ನೀವು ಆ ಸದ್ದು ಮಾಡ್ತಾನೇ ಇರಿ ಅತ್ತೆ. ನಿಲ್ಲಿಸ್ಬೇಡಿ.”

ಅತ್ತೆ ತಮಾಷೆ ಮಾಡಲಿಲ್ಲ. ಅವನು ಹೇಳಿದ್ದನ್ನು ಅವನದೇ ತಣ್ಣನೆಯ ದನಿಯಲ್ಲಿ ಮಗಳಿಗೆ ಒಪ್ಪಿಸಿದರು. ಆಮೇಲೆ ಶುರುಮಾಡಿದರು. ಟಕ್ಟಕ್ಟಕ್. ಟಕ್ಟಕ್. ಟಕ್... ಟಕ್. ಆಮೇಲೆ ಏನೂ ಇಲ್ಲ. ಜೀವಮಾನವೆಲ್ಲ ನಿಶ್ಶಬ್ದ ಬೇಡಿದವನು ಮೊದಲ ಬಾರಿಗೆ ನಿಶ್ಶಬ್ದಕ್ಕೆ ಹೆದರಿ ಗೋಡೆ ಹಿಡಿದುಕೊಂಡ.

“ಅತ್ತೆ?”

“ನಿಂತ್ವಿ,” ಅಂದರು ಅತ್ತೆ. ದನಿ ಈಗ ಅವರದೇ ಆಗಿತ್ತು, ಮುದುಕಿಯ ದನಿ.

ಎದುರುಮನೆ ಟೈಲರ್‌ನ ಸ್ಕೂಟರ್ ಬೇಡಿ ತೆಗೆದುಕೊಂಡು, ಪೈಪು ಸ್ಪ್ಯಾನರುಗಳನ್ನು ಕಾಲ ಸಂದಿಯಲ್ಲಿ ಸಿಕ್ಕಿಸಿಕೊಂಡು ಹೋದ. ಗಾಡಿ ಸೇತುವೆಯ ಈಚೆಗೇ ನಿಂತಿತ್ತು. ಬಲಚಕ್ರ ಕುಡಿದವನ ತಲೆಯ ಹಾಗೆ ವಾಲಿತ್ತು. ಎರಡು ನಟ್ಟು ದಾರಿಯಲ್ಲೆಲ್ಲೋ ಉದುರಿದ್ದವು. ಉಳಿದವು ಕೊನೆಯ ಸುತ್ತಿನಲ್ಲಿ ನೇತಾಡುತ್ತಿದ್ದವು. ಬೇರೆರಡು ಚಕ್ರಗಳಿಂದ ಒಂದೊಂದು ನಟ್ಟು ಕಿತ್ತು ತಂದ. ಗಾಡಿಯೊಳಗಿದ್ದ ಇನ್ನೊಂದು ಜಾಕ್ ಹಾಕಿ, ಚಕ್ರ ನೆಟ್ಟಗೆ ಕೂರಿಸಿ, ಇಳಿಸಿ, ಪೈಪಿನ ಮೇಲೆ ಮೈಯೆಲ್ಲ ಹೇರಿ ಬಿಗಿದ. ಇನ್ನೊಂದು ಸುತ್ತು ಬಿಗಿದ. ಬಿಗಿದದ್ದನ್ನೇ ಮತ್ತೆ ಬಿಗಿಯುತ್ತಿದ್ದ.

ಹೆಂಡತಿ ಅಷ್ಟು ಹೊತ್ತೂ ಸೇತುವೆಯ ಕಟಾಂಜನ ಹಿಡಿದು ನೀರನ್ನೇ ನೋಡುತ್ತಿದ್ದಳು. ಬೈಗುಳಕ್ಕೆ ಅವನು ಬೆನ್ನು ಒಡ್ಡಿಕೊಂಡೇ ಕೂತಿದ್ದ. ಬೈಗುಳ ಬರಲಿಲ್ಲ.

“ಬಟ್ಟೆ ಇರ್ಲಿಲ್ಲ ರೀ,” ಅಂದಳು. “ನಾನು ನೋಡೇ ಹತ್ತಿದ್ದು.”

ಅವನು ಎದ್ದ. ಎಲ್ಲ ಸರಿಯಾಯಿತು, ಇನ್ನು ಮುಂದೆ ತಾನೇ ಓಡಿಸುತ್ತೇನೆ ಎಂದು ಕೀಗಾಗಿ ಕೈ ಚಾಚಿದ. ಚಾಚಿದ ಕೈ ಸ್ಕ್ರೂ ಬಿಟ್ಟ ನಂಬರ್ ಪ್ಲೇಟಿನ ಹಾಗೆ ಗಡಗಡ ಅದುರುತ್ತಿತ್ತು.

ಅವಳು ಕೀ ಕೊಡಲಿಲ್ಲ. ಅವನ ಹೆಗಲಿನಿಂದ ಕೆಂಪು ಬಟ್ಟೆ ಎಳೆದುಕೊಂಡಳು. ಅದನ್ನು ಅವನ ಮಣಿಕಟ್ಟಿಗೆ ಸುತ್ತಿ, ಬಿಗಿಯಾಗಿ ಗಂಟು ಹಾಕಿ, ಹೋಗಿ ಸ್ಟೇರಿಂಗ್ ಹಿಂದೆ ಕೂತಳು.